ಮಾಸ್ತರರ ಗಿಟಾರಿನ ವಯಸ್ಸು

ಮಾಸ್ತರರ ಬಲಗೈ ಹೆಬ್ಬೆರಳಲ್ಲಿ ಉಂಗುರ ತೆಗೆದಿಟ್ಟಂಥ ಬೆಳ್ಳನೆಯ ಗುರುತಿತ್ತು. ಅದು ತಂತಿ ಮೀಟಲು ಬೆರಳಿಗೆ ತೊಡುವ ನಖಿಯ ಗುರುತು; ನಖಿಯನ್ನು ಅವರು ಚಹಾ ಕುಡಿಯುವಾಗಲೂ ಬಿಚ್ಚುತ್ತಿರಲಿಲ್ಲ. ಗಂಗಾವತಿಯಲ್ಲಿ ನಾನು ಆಂಪ್ಲಿಫೈಯರ್ ರಿಪೇರಿ ಅಂಗಡಿ ಇಟ್ಟಾಗ ಮೊದಲ ಗಿರಾಕಿ ಅವರೇ. ಕಾರಟಗಿಯ ಮದುವೆಗಳಲ್ಲಿ ಕರೆಂಟಿನ ಸ್ಟೀಲ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸುತ್ತ ನುಡಿಸಿದರೆ ಊಟಕ್ಕೆ ಕೂತವರೂ ತುತ್ತು ನಿಲ್ಲಿಸುತ್ತಿದ್ದರು. ನನ್ನ ಕಸುಬಿಗೆ ಅವರು ಕಲಿಸಿದ್ದು ಒಂದೇ ಮಾತು: "ಮೊದಲ ಕಿವಿಗೊಟ್ಟು ಕೇಳು, ಆಮ್ಯಾಲ ಕೈ ಹಚ್ಚು." ಅದನ್ನು ನಾನು ಅವರ ಗಿಟಾರಿನ ವಿಷಯದಲ್ಲೇ ಮರೆತೆ.

ಅವರಿಗೆ ತಮ್ಮ ವಯಸ್ಸು ಗೊತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಯಾರೋ ಬಾಯಿಗೆ ಬಂದ ತಾರೀಖು ಬರೆಸಿದ್ದರು. ಅವ್ವ ಹೇಳಿದ್ದೊಂದೇ ನೆನಪು: ಅಪ್ಪ ಹಾರ್ಮೋನಿಯಂ ನುಡಿಸುತ್ತಿದ್ದ ನಾಟಕ ಕಂಪನಿಗೆ ಹೈದರಾಬಾದಿನಿಂದ ಹೊಚ್ಚ ಹೊಸ ಗಿಟಾರ್ ಬಂದ ವಾರವೇ ಇವರು ಹುಟ್ಟಿದ್ದು. ಕಂಪನಿ ಮುಚ್ಚಿದಾಗ ಆ ಗಿಟಾರ್ ಮನೆಗೆ ಬಂತು. "ಇದು ಯಾವ ವರ್ಷದ್ದು ಅಂತ ತಿಳಿದ್ರ ನಾನೂ ಯಾವ ವರ್ಷದಾವ ಅಂತ ತಿಳಿತೈತಿ. ಅಷ್ಟು ನೋಡಿಕೊಡಪಾ," ಎಂದು ಹೋದ ಚಳಿಗಾಲದಲ್ಲಿ ಕೇಳಿದರು. ಅಷ್ಟೊತ್ತಿಗೆ ಜಡ್ಡಿನಿಂದ ಮುಖ ಇಳಿದುಹೋಗಿತ್ತು.

ಗಿಟಾರಿನ ತಲೆಯ ಮೇಲಿದ್ದ ತಯಾರಕರ ಹೆಸರು ಯಾವಾಗಲೋ ಉದುರಿತ್ತು. ಫೋಟೊ ತೆಗೆದು, ಹುಬ್ಬಳ್ಳಿಯಲ್ಲಿ ಹಳೆ ಗಿಟಾರು ರಿಪೇರಿ ಮಾಡುವ ಗೆಳೆಯನಿಗೆ ಕಳಿಸಿದೆ. "ತಂತಿ ಬಿಗಿಯೋ ಕೀಲಿ ನೋಡಿದ್ರ ಅಮೆರಿಕಾದ್ದು ಇದ್ದಂಗೈತಿ," ಎಂದು ಅವನು ಫೋನು ಮಾಡಿದ. "ವರ್ಷ ಬೇಕಂದ್ರ ಮುಚ್ಚಳ ಬಿಚ್ಚು. ದನಿ ಏರಿಸೋ ಕಂಟ್ರೋಲ್ ಐತಲ್ಲ, ಅದರ ಬೆನ್ನಿಗೆ ನಂಬರ್ ಹೊಡದಿರ್ತಾರ. ಅದರಾಗ ವರ್ಷ, ವಾರ ಎರಡೂ ಇರ್ತಾವ."

ಆ ಕಂಟ್ರೋಲನ್ನು ದಸರೆಯ ಖಂಡೇಪೂಜೆಗೆ ಮುಂಚೆ ನಾನೇ ಬದಲಿಸಿದ್ದೆ. ಕೆಟ್ಟ ಸಾಮಾನು ಪೂಜೆಗೆ ಇಡಬಾರದೆಂದು ಹಬ್ಬದ ವಾರ ಊರಿಗೆ ಊರೇ ನನ್ನ ಅಂಗಡಿಗೆ ತಂದು ಸುರಿಯುತ್ತದೆ. ಮಾಸ್ತರರೂ ಗಿಟಾರ್ ತಂದಿದ್ದರು. ಕರಕರ ಎನ್ನುತ್ತಿತ್ತು, ಅಷ್ಟೇ. ಕಿವಿಗೊಟ್ಟು ಕೇಳಿದ್ದರೆ ಬರೀ ಧೂಳು ಎಂದು ತಿಳಿಯುತ್ತಿತ್ತು. ನಾನು ಮಹಾ ಜಾಣ, ಗಡಿಬಿಡಿಯಲ್ಲಿ ಕಿತ್ತು ಹೊಸದು ಕೂರಿಸಿದೆ. ಹಬ್ಬಕ್ಕೆ ಅಂಗಡಿ ತೊಳೆದ ದಿನ ಹಳೆಯದು ಕಸದ ಜೊತೆ ಗುಜರಿಗೆ ಹೋಯಿತು. ಈಗ ಗುಜರಿಯವನ ಹತ್ತಿರ ಓಡಿದೆ. "ಅದೆಲ್ಲ ಆಗಲೇ ಕರಗಿ ಹೋಗೇತ್ರಿ," ಎಂದ.

ಇದನ್ನು ಮಾಸ್ತರರಿಗೆ ಹೇಳಬೇಕೆಂದೇ ಅವರ ಮನೆಗೆ ಹೋದೆ. ಹಾಸಿಗೆಯಲ್ಲಿ ಎದ್ದು ಕೂತು, "ಸಿಕ್ತೇನು?" ಎಂದರು. ಆ ಮುಖ ನೋಡಿ ನನ್ನ ಹೇಡಿ ನಾಲಿಗೆ ಯಾವುದೋ ಒಂದು ಇಸವಿ ಹೇಳಿಬಿಟ್ಟಿತು. ಅವರು ಬೆರಳು ಮಡಿಚಿ ಲೆಕ್ಕ ಹಾಕಿದರು. ಸೊಸೆಯನ್ನು ಕರೆದು, "ನೋಡವಾ, ನಾ ತಿಳ್ಕೊಂಡಿದ್ದಕ್ಕಿಂತ ಸಣ್ಣಾವ ಅದೀನಿ," ಎಂದು ನಕ್ಕರು. ಆಕೆ ಖುಷಿಗೆ ಸಿಹಿ ಸಜ್ಜಕ ಮಾಡಿ ನನಗೂ ಬಡಿಸಿದಳು. ತಿಂದೆ.

ನಾಳೆ ನಿಜ ಹೇಳಿದರಾಯಿತು ಎಂದು ದಿನ ದೂಡಿದೆ. ಯುಗಾದಿಗೆ ಮುಂಚೆಯೇ ಮಾಸ್ತರರು ತೀರಿಕೊಂಡರು.

ಮೊನ್ನೆ ಅವರ ಮಗ ಸಮಾಧಿಗೆ ಕಲ್ಲು ಹಾಕಿಸಿ, ನನ್ನನ್ನು ಕರೆದೊಯ್ದು ತೋರಿಸಿದ. ಹೆಸರಿನ ಕೆಳಗೆ, ಜನನ ಎಂದಿರುವ ಕಡೆ, ನಾನು ಹೇಳಿದ ಇಸವಿಯನ್ನು ಆಳವಾಗಿ ಕೆತ್ತಿದ್ದಾರೆ.

"ನಿಮ್ಮಿಂದ ಆತ್ರಿ. ಇಲ್ಲಂದ್ರ ಆ ಜಾಗ ಖಾಲಿ ಬಿಡಬೇಕಿತ್ತು," ಎಂದು ಅವನು ಕೈಮುಗಿದ.

ಖಾಲಿ ಬಿಟ್ಟಿದ್ದರೇ ನಿಜವಿರುತ್ತಿತ್ತು. ಮುಗಿದ ಅವನ ಕೈಗಳನ್ನು ಹಿಡಿದು ಕೆಳಗಿಳಿಸಿದೆ.