ಮಾಳಿಗೆ ಮೇಲೆ ಅಪ್ಪ, ಟೀವಿಯೊಳಗೆ ಅವ್ವ

ಈಗಲೂ ಗಾಳಿಗೆ ಡಿಶ್ ಅಲುಗಿ ಟೀವಿ ನಿಂತರೆ ಅಪ್ಪನೇ ಮಾಳಿಗೆ ಹತ್ತಬೇಕು. “ನಿಮ್ಮವ್ವನ್ನ ಟೀವಿಯೊಳಗ ತಂದಾಂವ ನಾನು, ಇದ್ಯಾವ ಲೆಕ್ಕ!” ಅನ್ನುತ್ತಾರೆ. ಅವ್ವ ಸೆರಗು ಸರಿಮಾಡಿಕೊಳ್ಳುತ್ತಾಳೆ.

ನನ್ನ ಚಿಕ್ಕಂದಿನಲ್ಲಿ ಕರೂರಿನ ನಮ್ಮ ಮನೆಯಲ್ಲಿ ಟೀವಿಗಿಂತ ಅಂಟೆನಾದ್ದೇ ಕಾರುಬಾರು. ಬಳ್ಳಾರಿ ಕಡೆ ಮುಖ ಮಾಡಿದರೆ ಕನ್ನಡ, ಚೂರು ಹೊರಳಿದರೆ ಆಂಧ್ರದ ತೆಲುಗು. ಕಾಗೆ ಕೂತರೆ ಎರಡೂ ಇಲ್ಲ.

ಒಮ್ಮೆ ಟೀವಿಯವರು ಊರಿಗೆ ಬಂದು, ಅವ್ವ ಮತ್ತು ಗೆಳತಿಯರು ಹಾಡುತ್ತ ಭತ್ತ ನಾಟಿ ಹಚ್ಚುವುದನ್ನು ಚಿತ್ರ ಹಿಡಿದುಕೊಂಡು ಹೋಗಿದ್ದರು. ಕನ್ನಡ ಕಾರ್ಯಕ್ರಮ, ತೋರಿಸುವುದು ಒಂದೇ ಸಲ. ಅವ್ವ ಮದುವೆ ಫೋಟೋದಲ್ಲೂ ತಲೆ ಬಗ್ಗಿಸಿದವಳು. ತಾನು ಹಾಡುವಾಗ ಹೇಗೆ ಕಾಣುತ್ತೇನೆಂದು ನೋಡುವ ಆಸೆಗೆ, ಅದು ಬರುವ ದಿನ ಬೆಳಿಗ್ಗೆಯಿಂದ ನಿಂತಲ್ಲಿ ನಿಂತಿರಲಿಲ್ಲ.

ಸರಿಯಾಗಿ ಕಾರ್ಯಕ್ರಮದ ಹೊತ್ತಿಗೇ ತೆರೆ ತುಂಬ ಹಿಟ್ಟು ಚೆಲ್ಲಿದಂತೆ ಚುಕ್ಕೆ! ಮಧ್ಯಾಹ್ನದ ಬಿಸಿಲಲ್ಲಿ ಅಪ್ಪ ಮಾಳಿಗೆ ಹತ್ತಿ ಪೈಪು ತಿರುಗಿಸಿದರು.

“ಬಂತೇನ?”

“ಇಲ್ರಿ! ಇನ್ನೊಂದೀಟು!”

ಇದ್ದಕ್ಕಿದ್ದಂತೆ ಚಿತ್ರ ನಿಚ್ಚಳವಾಯಿತು. ಗದ್ದೆ, ಕೆಸರು, ಬಗ್ಗಿದ ಹೆಂಗಸರ ಸಾಲು, ಹಾಡು. ಹಾಡು ತೆಲುಗಿನದು, ಆದರೆ ನಮ್ಮ ಲಕ್ಷ್ಯಕ್ಕೆ ಬರಬೇಕಲ್ಲ! ಅವ್ವನ ಗುಂಪು ಎರಡೂ ಭಾಷೆಯಲ್ಲಿ ಹಾಡುತ್ತಿತ್ತು, ನಮ್ಮ ಕಿವಿಗೆ ತೆಲುಗು ಬೇರೆ ಅನಿಸುವುದೇ ಇಲ್ಲ.

ಅವ್ವ ಟೀವಿಗೆ ಮೂಗು ತಾಗಿಸಿದಳು. “ನನ್ನ ಹಸರ ಸೀರಿ ಎಲ್ಲೈತಿ? ಈ ತೆಂಗಿನ ಗಿಡ ಯಾವಾಗ ಬಂತು? ಇಕಿ ನಾನ ಏನಲೇ?”

ಕಪ್ಪು ಬಿಳುಪು ಟೀವಿಯಲ್ಲಿ ಹಸಿರು ಎಲ್ಲಿ ಹುಡುಕಲಿ? ನನ್ನ ತಲೆ ಕೆಟ್ಟು ಮೊಸರಾಯಿತು. ಒಂದೊಂದು ಬೆನ್ನೂ ಅವ್ವನದೇ ಅನಿಸಿತು, ಯಾವ ಮುಖವೂ ಅವಳದಲ್ಲ.

ಕೊನೆಗೆ ನಿರೂಪಕಿ ಬಂದು ತೆಲುಗಿನಲ್ಲಿ ನಮಸ್ಕಾರ ಹೇಳಿ, ಗಡಿಯಾಚೆಯ ಯಾವುದೋ ಊರಿನ ಹೆಸರು ಹೇಳಿದಳು. ನಮ್ಮ ಕಾರ್ಯಕ್ರಮ ಆಗಲೇ ಮುಗಿದಿರಬೇಕು. ಅವ್ವನೂ ನಾನೂ ಮುಖ ಮುಖ ನೋಡಿಕೊಂಡೆವು. ಅವಳ ಮುಖ ಬಾಡಿತ್ತು. ನನಗೆ ಅಳು ಬಂತು.

ಮೇಲಿನಿಂದ ಅಪ್ಪ ಕೂಗಿದರು. “ಕಾಣಿಸಿದಿಯೇನ?”

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, “ಕಾಣಿಸಿದ್ನಿರಿ! ಚಂದ ಕಾಣಿಸಿದ್ನಿ! ಇಳದ್ ಬರ್ರಿ, ಬಿಸಲು ಭಾಳ ಐತಿ!” ಅಂದಳು.

ಬೆವರಲ್ಲಿ ತೊಯ್ದು ಇಳಿದ ಅಪ್ಪನ ಖುಷಿ ನೋಡಿ, ಯಾರಿಗಾಗಿ ಮರುಗಬೇಕೋ ನನಗೆ ತಿಳಿಯಲಿಲ್ಲ.

ಮುಂದಿನ ವಾರ ಬಳ್ಳಾರಿಯಿಂದ ಚಿಗವ್ವ ಬಂದಳು. ಹೊಸ್ತಿಲಲ್ಲೇ, “ಅಕ್ಕಾ, ನಿನ್ನ ಮಾರಿ ಎಷ್ಟು ಹೊತ್ತು ತೋರಿಸಿದ್ರಬೇ!” ಅಂದಳು. ಪಡಸಾಲೆಯಲ್ಲಿ ಅಪ್ಪ ಮೀಸೆ ತಿರುವಿದರು. ಅವ್ವ ತಂಗಿಯ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದು ಬಾಗಿಲು ಮುಂದೆ ಮಾಡಿದಳು.

“ಮೆಲ್ಲಗ ಮಾತಾಡು. ಖರೇ ಹೇಳು, ನಾ ಹೆಂಗ ಕಾಣಿಸ್ತಿದ್ನಿ?”