ರಾಣಿಯ ತಳದ ದಾರ

ಟೈಲರ್ ಭಾವನಿಗೆ ಚದುರಂಗದಲ್ಲಿ ಗೊತ್ತಿದ್ದುದು ಒಂದೇ ಆರಂಭ, ಇಟಾಲಿಯನ್. ರಾಜನ ಮುಂದಿನ ಕಾಲಾಳು ಎರಡು ಮನೆ, ಆಮೇಲೆ ಕುದುರೆ, ಆಮೇಲೆ ಒಂಟೆ. ಮೂವತ್ತು ವರ್ಷದಿಂದ ಒಂದೇ ನಮೂನೆಯ ಕಾಲರ್ ಹೊಲಿದವರು ಚೆಸ್ ಕ್ಲಬ್ಬಿಗೆ ಬಂದು ಹೊಸ ಫ್ಯಾಷನ್ನಿಗೆ ಯಾಕೆ ಬೀಳಬೇಕು?

ತೊಂದರೆಯೆಂದರೆ, ಅದನ್ನೇ ಅವರು ಹೆಂಡತಿಯ ತಮ್ಮನಿಗೂ ಕಲಿಸಿದ್ದರು. ಚಡ್ಡಿ ಹಾಕುವ ಕಾಲಕ್ಕೆ ಕಲಿತ ಆ ಭಾಮೈದ ಈಗ ಅಂಚೆ ಕಚೇರಿಯ ಗುಮಾಸ್ತ. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಭಾವನಿಗೆ ಮಣ್ಣು ಮುಕ್ಕಿಸುತ್ತಿದ್ದ. ಅವನಿಗೆ ದೂರದ ಊರಿಗೆ ವರ್ಗವಾಗಿತ್ತು, ಬುಧವಾರ ಹೊರಡುವವನು. ಅಷ್ಟರೊಳಗೆ ಒಂದು ಸಲವಾದರೂ ಗೆಲ್ಲಬೇಕೆಂದು ಭಾವ ಹೆಂಡತಿಯ ಮುಂದೆ ಗೋಳಾಡಿದ್ದರು. ಶಿಷ್ಯನ ಕೈಲಿ ಸೋತರೆ ಗುರುವಿಗೇ ಹೆಮ್ಮೆಯಲ್ಲವೇ ಎಂದು ಆಕೆ ಗಾಯಕ್ಕೆ ಉಪ್ಪು ಸವರಿದ್ದಳು.

ಕೊನೆಯ ಭಾನುವಾರ ಅದೃಷ್ಟ ಖುಲಾಯಿಸಿತು. ಭಾಮೈದನ ರಾಜ ಮೂಲೆ ಸೇರಿ ಉಸಿರುಗಟ್ಟಿ ಕೂತಿದ್ದ. ಆನೆಯನ್ನು ಒಂದು ಸಲ ಸರಿಸಿದರೆ ಚೆಕ್‌ಮೇಟ್.

ಆಗಲೇ ಕಣ್ಣಿಗೆ ಬಿತ್ತು, ತಮ್ಮ ರಾಣಿಯ ತಳಕ್ಕೆ ಅಂಟಿಸಿದ್ದ ಹಸಿರು ಬಟ್ಟೆಯಿಂದ ಇಣುಕಿದ ಒಂದೆಳೆ ದಾರ. ಜೋತಾಡುವ ದಾರ ಕಂಡರೆ ಸುಮ್ಮನಿರುವ ಕೈಯಲ್ಲ ಅದು. ರಾಣಿಯನ್ನೆತ್ತಿ ದಾರ ಕಿತ್ತು ಕೆಳಗಿಟ್ಟ ಮೇಲೆಯೇ ಅವರಿಗೆ ಎಚ್ಚರವಾದದ್ದು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು, ಅದು ಆಟದ ನಿಯಮ.

"ದಾರ ತಾನೆ ಕಿತ್ತಿದ್ದು, ಬಿಡಿ ಭಾವ. ಆನೆ ನಡೆಸಿ," ಎಂದ ಭಾಮೈದ.

ನಡೆಸಬಹುದಿತ್ತು. ಆದರೆ ಹಿಂದೊಮ್ಮೆ, ಮುಟ್ಟಿದ ಕುದುರೆಯನ್ನು ಇದೇ ಹುಡುಗ ಅಳುತ್ತ ನಡೆಸುವಂತೆ ಮಾಡಿದ ಗುರು ಅವರೇ. ಹಲ್ಲು ಕಚ್ಚಿಕೊಂಡು ರಾಣಿಯನ್ನು ಪಕ್ಕಕ್ಕೆ ಸರಿಸಿದರು. ಮೂಲೆಯ ರಾಜನಿಗೆ ಉಸಿರಾಡಲು ಒಂದು ಮನೆ ಸಿಕ್ಕಿತು.

ಇನ್ನು ರಾಜನನ್ನು ಮುಟ್ಟದೆ ಬೇರೆ ಕಾಯಿ ನಡೆಸಿದರೆ ಭಾಮೈದ ಗೆದ್ದಂತೆಯೇ. ಅವನು ಬಹಳ ಹೊತ್ತು ಹಲಗೆ ನೋಡಿದ. ಆಮೇಲೆ ಬೆರಳು ಚಾಚಿ ರಾಜನ ಕಿರೀಟದ ಧೂಳು ಒರೆಸಿದ.

"ಅಯ್ಯೋ, ಮುಟ್ಟಿಬಿಟ್ಟೆ," ಎಂದು ರಾಜನನ್ನು ಇದ್ದೊಂದು ಮನೆಗೆ ತಳ್ಳಿದ. ಅಲ್ಲಿ ಭಾವನ ಆನೆ ಒಂದು ಸಲ ಸರಿದರೆ ಮತ್ತೆ ಚೆಕ್‌ಮೇಟ್.

ಧೂಳು ಇರಲಿಲ್ಲ. ಭಾವನಿಗೆ ಮೊದಲು ಸಿಟ್ಟು ಬಂತು. ಆಮೇಲೆ, ಈ ಪೋರ ಇಲ್ಲದ ಭಾನುವಾರಗಳನ್ನು ಹೇಗೆ ಕಳೆಯಬೇಕೋ ಅವರಿಗೆ ತಿಳಿಯಲಿಲ್ಲ. ಆನೆಯತ್ತ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡು, ಕಾಯಿಗಳನ್ನೆಲ್ಲ ಬಾಚಿ ಡಬ್ಬಿಗೆ ಸುರಿದರು.

"ಇದು ಲೆಕ್ಕಕ್ಕಿಲ್ಲ ಕಣೋ. ರಜ ಹಾಕಿ ಬಾ, ಬಂದು ನೆಟ್ಟಗೆ ಸೋಲು."