ಕಣದ ಮೇಲಿನ ಕಾಸ್ಟಿಕ್ ನೀರು

ನಾನು ಶಾಲೆ ಬಿಟ್ಟದ್ದು ೧೯೯೪ರಲ್ಲಿ, ಎಂಟನೆಯ ಇಯತ್ತೆಯ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಉದಗೀರದಲ್ಲಿ ಗೌಂಡಿಯ ಕೈಕೆಳಗೆ ಸಿಮೆಂಟು ಕಲಸಿದೆ, ಉಮರ್ಗಾದಲ್ಲಿ ಗೋಡೆ ಕಟ್ಟಿದೆ. ನಲವತ್ತು ತುಂಬುವ ಮೊದಲೇ ನಿಲಂಗಾ ರಸ್ತೆಯ ನಮ್ಮ ಹೊಲದಲ್ಲಿ ಸ್ವಂತ ಇಟ್ಟಂಗಿ ಕಾರ್ಖಾನೆ ಹಾಕಿದೆ.

ಜಾಗ ನಮ್ಮ ಹಳೆಯ ಕಣ. ಅಪ್ಪ ಅಲ್ಲಿ ಜೋಳದ ರಾಶಿ ಮಾಡುತ್ತಿದ್ದರು. ರಾಶಿ ನಿಂತು ವರ್ಷಗಳಾಗಿದ್ದರೂ ಚಪ್ಪಲಿ ಮೆಟ್ಟಿಕೊಂಡು ಕಣಕ್ಕೆ ಕಾಲಿಡುವುದು ನಮ್ಮಲ್ಲಿ ಇಲ್ಲ. ಕಲಸುವ ಯಂತ್ರ ಬಂದ ದಿನ ಅದಕ್ಕೂ ವಿಭೂತಿ ಹಚ್ಚಿದೆವು. ನಾನು, ಹೆಂಡತಿ, ಇಬ್ಬರು ಆಳುಗಳು, ಎಲ್ಲರೂ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟೇ ಒಳಗೆ ಬರುತ್ತಿದ್ದೆವು.

ಮೊದಲು ಸಿಮೆಂಟಿನ ಇಟ್ಟಂಗಿ ಮಾಡುತ್ತಿದ್ದೆ. ಬೆಳಿಗ್ಗೆ, ಸಂಜೆ ಅದಕ್ಕೆ ನೀರು ಹೊಡೆಯುವುದು ಹೆಂಡತಿಯ ಕೆಲಸ. ಒಂದು ದಿನವೂ ಆಕೆ ತಪ್ಪಿಸಿದ್ದಿಲ್ಲ. ಆಮೇಲೆ ಉದಗೀರದ ಕಾಲೇಜಿನ ಮೇಷ್ಟ್ರೊಬ್ಬರು ಸಿಮೆಂಟೇ ಇಲ್ಲದ ಇಟ್ಟಂಗಿ ಕಲಿಸಿದರು. ಕರೆಂಟು ತಯಾರಿಸುವಲ್ಲಿ ಕಲ್ಲಿದ್ದಲು ಸುಟ್ಟು ಉಳಿದ ಬೂದಿ, ಕಾಸ್ಟಿಕ್ ಸೋಡಾ, ಜೇನಿನಂತೆ ದಪ್ಪಗಿರುವ ವಾಟರ್ ಗ್ಲಾಸ್ ಎಂಬ ದ್ರಾವಣ, ಇವಿಷ್ಟೇ ಅದರ ಸಾಮಾನು. ಕಾಸ್ಟಿಕ್ ನೀರಿಗೆ ಬಿದ್ದರೆ ನೀರು ತಾನೇ ಕಾಯುತ್ತದೆ, ಅದಕ್ಕೆ ಹಿಂದಿನ ದಿನವೇ ಕರಗಿಸಿ ಆರಿಸಬೇಕು. ಅಚ್ಚಿನಿಂದ ತೆಗೆದ ಮೇಲೆ ತಾಡಪತ್ರಿ ಮುಚ್ಚಿ ಬಿಸಿಲಿಗೆ ಬೇಯಿಸಬೇಕು, ನೀರು ತೋರಿಸಬಾರದು. ಎಲ್ಲರೂ ರಬ್ಬರಿನ ಬೂಟು ಹಾಕಬೇಕು.

ನಮ್ಮ ಕಣದಲ್ಲಿ ಬೂಟು ನಡೆಯುವುದಿಲ್ಲ ಎಂದೆ. ಅವರು, "ಕಾಸ್ಟಿಕ್ ಅಂದ್ರ ಸುಣ್ಣದ ನೀರಲ್ರೀ. ಬೂದಿ ತನಗ ಬೇಕಾದಷ್ಟೇ ತಗೋತದ. ಉಳಿದಿದ್ದು ಹೊರಗ ಬರ್ತದ" ಎಂದರು.

ಅವರ ಅಳತೆಯಲ್ಲಿ ಮಾಡಿದ ಇಟ್ಟಂಗಿ ಚಳಿಯ ದಿನಗಳಲ್ಲಿ ಬೇಗ ಗಟ್ಟಿಯಾಗಲಿಲ್ಲ, ಮೂಲೆಗಳು ಕೈಯಲ್ಲೇ ಉದುರಿದವು. ಇಪ್ಪತ್ತೈದು ವರ್ಷ ಸಿಮೆಂಟು ಕಲಸಿದ ತಲೆ ನನ್ನದು. ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿ ಎಂದು ಕಾಸ್ಟಿಕ್ಕನ್ನು ಒಂದೂವರೆ ಪಟ್ಟು ಮಾಡಿದೆ. ಇಟ್ಟಂಗಿ ಗಟ್ಟಿಯೂ ಆಯಿತು, ಬಡಿದರೆ ಠಣ್ ಎನ್ನುತ್ತಿತ್ತು. ಮೇಷ್ಟ್ರಿಗೆ ಹೇಳಲಿಲ್ಲ. ಕಾಲೇಜು ಕಲಿತವರಿಗಿಂತ ನಾನೇ ಮುಂದೆ ಎಂದುಕೊಂಡೆ. ಹೆಂಡತಿಗೂ ಏನೂ ಹೇಳಿರಲಿಲ್ಲ, ಇದಕ್ಕೆ ನೀರು ಹೊಡೆಯಬಾರದು ಎಂಬುದನ್ನೂ. ಅಳತೆ ನನ್ನ ಗುಟ್ಟು, ಆಕೆಗೇಕೆ ಎಂಬ ಬಿಗುಮಾನ. ತಾಡಪತ್ರಿ ಮುಚ್ಚುವುದು, ತೆಗೆಯುವುದು ಎಲ್ಲ ನಾನೇ.

ಒಂದು ವಾರದಲ್ಲಿ ಇಟ್ಟಂಗಿಯ ಮೈಮೇಲೆ ಬಿಳಿ ಬೂಷ್ಟಿನಂಥದ್ದು ಎದ್ದಿತು. ಆ ದಿನ ನಾನು ದೇವಣಿಗೆ ಮಾಲು ಇಳಿಸಲು ಹೋಗಿದ್ದೆ. ಹೆಂಡತಿ ತಾಡಪತ್ರಿ ಸರಿಸಿ ನೋಡಿದ್ದಾಳೆ. ನೀರಿಲ್ಲದೆ ಒಣಗಿ ಬೆಳ್ಳಗಾಗಿವೆ ಎಂದುಕೊಂಡು ಪೈಪು ಹಿಡಿದಿದ್ದಾಳೆ. ಸೋರಿದ ನೀರು ಕಣದ ತಗ್ಗಿನಲ್ಲಿ ನಿಂತಿದೆ. ಅದರಲ್ಲಿ ಬರಿಗಾಲಲ್ಲಿ ಮಧ್ಯಾಹ್ನದವರೆಗೆ ನಿಂತಿದ್ದಾಳೆ.

ಕಾಸ್ಟಿಕ್ ಮೊದಲು ಉರಿಯುವುದಿಲ್ಲ, ಜಾರುತ್ತದೆ. ಸಂಜೆ ನಾನು ಬಂದಾಗ ಕಟ್ಟೆಯ ಮೇಲೆ ಕಾಲು ಚಾಚಿ ನಗುತ್ತಿದ್ದಳು. "ನೋಡ್ರಿ, ಸಾಬಾಣ ಹಚ್ಚಿದಂಗ ನುಣ್ಣಗ ಆಗ್ಯಾವ. ಲಾತೂರ ಪ್ಯಾಟಿ ಹೆಣ್ಮಕ್ಕಳ ಕಾಲ ಆದುವು ನನ್ನವು."

ಮರುದಿನ ಬೆಳಿಗ್ಗೆ ಅಂಗಾಲಿನ ಚರ್ಮ ಹಾಸಿಗೆಗೆ ಅಂಟಿಕೊಂಡಿತ್ತು.

ಉದಗೀರದ ದವಾಖಾನೆಯಲ್ಲಿ ಆಕೆಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಕಾಲಿನ ಸ್ಪರ್ಶ ಮೊದಲೇ ಕಡಿಮೆಯಾಗಿತ್ತಂತೆ. ಗಾಯ ಮಾಯಲಿಲ್ಲ. ಬಲಗಾಲಿನ ಮೂರು ಬೆರಳು ತೆಗೆದರು.

ಮೇಷ್ಟ್ರು ಕಣಕ್ಕೆ ಬಂದು ನೀರು ಕುಡಿದ ಇಟ್ಟಂಗಿಯೊಂದನ್ನು ಒಡೆದು ನೋಡಿದರು. ಹೊರಗೆ ಬಿಳಿ, ಒಳಗೆ ಹಿಟ್ಟು. ಎಷ್ಟು ಹಾಕಿದ್ದಿರಿ ಎಂದು ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ.

ಹೆಂಡತಿ ಮನೆಗೆ ಬಂದ ಮೇಲೆ ಒಂದೇ ಸಲ ಆ ಮಾತು ತೆಗೆದಳು. "ನೀರ ಹಾಕಬ್ಯಾಡ ಅಂತ ಒಂದ ಮಾತ ಅಂದಿದ್ರ ಆಗ್ತಿತ್ತಲ್ರೀ. ನಾ ಏನ್ ಊರಿಗೆಲ್ಲ ಡಂಗುರ ಹೊಡೀತಿದ್ನಾ?"

ಮರುದಿನ ಉದಗೀರಕ್ಕೆ ಹೋಗಿ ಎಲ್ಲರಿಗೂ ರಬ್ಬರಿನ ಬೂಟು ತಂದೆ.

ಈಗ ಮೇಷ್ಟ್ರ ಅಳತೆಯಲ್ಲೇ ಮಾಡುತ್ತೇನೆ. ಚಳಿಯಲ್ಲಿ ತಡವಾದರೆ ಕಾಯುತ್ತೇನೆ. ಕಣಕ್ಕೆ ಬೂಟು ಹಾಕಿಕೊಂಡೇ ಇಳಿಯುತ್ತೇನೆ. ಸದ್ಯ ಇರುವುದು ಇಷ್ಟು: ಯಂತ್ರ ಒಂದು, ಅಚ್ಚು ನಲವತ್ತು, ಆಳು ಇಬ್ಬರು. ಬದುವಿಗೆ ಒಟ್ಟಿದ ಬಿಳಿ ಇಟ್ಟಂಗಿ ಇನ್ನೂರ ಹತ್ತು. ರಬ್ಬರಿನ ಬೂಟು ನಾಲ್ಕು ಜೊತೆ; ಅದರಲ್ಲಿ ಹೆಂಡತಿಗೆಂದು ತಂದ ಜೊತೆ ಆಕೆಯ ಕಾಲಿಗೆ ನಿಲ್ಲುವುದಿಲ್ಲ. ಹೆಂಡತಿಯ ಕಾಲಿನ ಬೆರಳು ಏಳು.